ಮಗಳಿಗೆ ಐದು ತಿಂಗಳು, ಇನ್ನೊಂದು ಮಗು ಈಗಲೇ ಬೇಡ. ನನಗೆ ಯಾವುದು ಸರಿ ಹೋಗುತ್ತೆ?

ಹುಬ್ಬಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ತವರು ಗದಗ ಜಿಲ್ಲೆ, ಕೊಟ್ಟಿದ್ದು ಹುಬ್ಬಳ್ಳಿಗೆ. ಮಗಳಿಗೆ ಹೋದ ವಾರ ಐದು ತಿಂಗಳು ತುಂಬಿತು. ನಾರ್ಮಲ್ ಹೆರಿಗೆ. ನನಗೆ ಇನ್ನೂ ಮುಟ್ಟು ಶುರುವಾಗಿಲ್ಲ. ಬರೀ ಎದೆಹಾಲೇ ಕುಡಿಸುತ್ತಿದ್ದೆ. ಈಗ ಹತ್ತು ದಿನದಿಂದ ರಾತ್ರಿ ಒಂದು ಸಲ ಡಬ್ಬಿ ಹಾಲು ಹಾಕುತ್ತಿದ್ದೇನೆ. ಕೂಸು ಹಸಿದು ಅಳುತ್ತೆ ಅಂತ ಅತ್ತೆ ಹೇಳಿದರು.

ಮುಂದಿನ ವರ್ಷ ಧಾರವಾಡದಲ್ಲಿ ಬಿ.ಎಡ್. ಸೇರಬೇಕು ಅಂತ ನನ್ನ ಆಸೆ. ಕಡಿಮೆ ಅಂದರೂ ಮೂರು ವರ್ಷ ಇನ್ನೊಂದು ಬೇಡ. ಅತ್ತೆ ಮಾತ್ರ ದಿನಾ ಒಂದೇ ಮಾತು: "ಇನ್ನೊಂದ್ ಲಗೂನ ಆಗಿಬಿಡ್ಲಿ, ಆಮ್ಯಾಲ ಆಪರೇಷನ್ ಮಾಡಿಸಿಬಿಡು, ಪೀಡಾ ಹೋಗ್ತದ." ಅವರು ಕೆಟ್ಟವರಲ್ಲ. ಬಾಣಂತನದಲ್ಲಿ ನನ್ನನ್ನು ಅಂಗೈಯಲ್ಲಿ ಇಟ್ಟು ನೋಡಿಕೊಂಡಿದ್ದಾರೆ. ಆದರೆ ಅವರಿಗೆ ಗೊತ್ತಿರುವುದು ಅದೊಂದೇ ದಾರಿ. ನಮ್ಮ ಮನೆಯವರನ್ನು ಕೇಳಿದರೆ "ನಿನಗ ಹೆಂಗ ಅನಸ್ತದ ಹಂಗ" ಅಂತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಎಲ್ಲಾ ಭಾರ ನನ್ನ ತಲೆ ಮೇಲೆ ಬಿತ್ತು ಅಲ್ವಾ?

ಹೆರಿಗೆಯಾದ ಮರುದಿನ ದವಾಖಾನೆಯಲ್ಲಿ ಒಬ್ಬರು ಬಂದು, ವಾರ್ಡಿನಲ್ಲಿ ಎಲ್ಲರ ಮುಂದೆ, "ವಂಕಿ ಹಾಕಿಸ್ಕೊತಿಯೇನ?" ಅಂತ ಕೇಳಿದರು. ನನಗೆ ನೋವು, ನಾಚಿಕೆ, ಪಕ್ಕದ ಕಾಟಿನವರ ಮನೆ ಗಂಡಸರು ನಿಂತಿದ್ದಾರೆ. ಬೇಡ ಅಂದೆ. ಅವರು ಬರೆದುಕೊಂಡು ಹೋದರು. ಅದು ಏನು, ಯಾಕೆ, ಬೇರೆ ಏನಿದೆ ಅಂತ ಆಮೇಲೆ ಯಾರೂ ಹೇಳಲಿಲ್ಲ.

ತಾಯಿ ಕಾರ್ಡಿನಲ್ಲಿ ಹೆರಿಗೆ ಹೊತ್ತಿಗೆ ರಕ್ತ (ಹಿಮೋಗ್ಲೋಬಿನ್) 8.8 ಅಂತ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದ್ದರೆ ಹೇಳಿ.

ಗದಗಿನ ಅಕ್ಕ

ತಂಗಿ, ನಾನು ವಂಕಿ ಹಾಕಿಸಿಕೊಂಡವಳು, ಅಂದರೆ ಕಾಪರ್-ಟಿ. ನನ್ನ ಅನುಭವ ಅಷ್ಟನ್ನೇ ಹೇಳುತ್ತೇನೆ.

ದೊಡ್ಡವನು ಹುಟ್ಟಿದ ಎರಡು ತಿಂಗಳಿಗೆ ಹಾಕಿಸಿದೆ. ಮೊದಲೇ ಹಾಕಿಸಬೇಕಿತ್ತು, ಆದರೆ ನಮ್ಮವ್ವ ಬಿಡಲಿಲ್ಲ. "ಅದು ಹೊಟ್ಟ್ಯಾಗಿಂದ ಎದಿಗೆ ಏರತೈತಿ, ನಮ್ಮ ಓಣ್ಯಾಗ ಒಬ್ಬಾಕಿಗೆ ಹಂಗ ಆಗಿತ್ತು" ಅಂತ. ಯಾರು ಆಕೆ ಅಂದರೆ ಹೆಸರು ಗೊತ್ತಿಲ್ಲ. ನಾನು ದವಾಖಾನೆಯಲ್ಲಿ ಅದನ್ನೇ ಕೇಳಿದೆ. ಡಾಕ್ಟರಮ್ಮ ಬೈಯಲಿಲ್ಲ, ನಗಲಿಲ್ಲ. ಒಂದು ಕಾಪರ್-ಟಿ ತಂದು ನನ್ನ ಅಂಗೈ ಮೇಲೆ ಇಟ್ಟರು. ಕಿರುಬೆರಳಿನ ಅರ್ಧದಷ್ಟು ಉದ್ದ, ಮೆತ್ತಗಿನ ಪ್ಲಾಸ್ಟಿಕ್, ಕಾಂಡಕ್ಕೆ ಸಣ್ಣ ತಾಮ್ರದ ತಂತಿ ಸುತ್ತಿದೆ, ತುದಿಗೆ ಎರಡು ದಾರ. ಗರ್ಭಕೋಶ ಅಂದರೆ ಮುಚ್ಚಿದ ಚೀಲ ಇದ್ದ ಹಾಗೆ, ಅಲ್ಲಿಂದ ಎದೆಗೆ ಹೋಗಲು ದಾರಿಯೇ ಇಲ್ಲ ಅಂತ ಚಿತ್ರ ಬರೆದು ತೋರಿಸಿದರು. ಕೈಯಲ್ಲಿ ಹಿಡಿದು ನೋಡಿದ ಮೇಲೆ ನನ್ನ ಅರ್ಧ ಹೆದರಿಕೆ ಹೋಯಿತು.

ಹಾಕುವಾಗ ಮುಟ್ಟಿನ ಹೊಟ್ಟೆನೋವಿನ ಥರ ಒಂದು ಹಿಂಡಿದ ನೋವು. ಐದು ನಿಮಿಷ. ಸುಳ್ಳು ಹೇಳುವುದಿಲ್ಲ, ಮೊದಲ ನಾಲ್ಕು ತಿಂಗಳು ಮುಟ್ಟು ಜಾಸ್ತಿ ಹೋಯಿತು, ಐದು ದಿನದ್ದು ಎಂಟು ದಿನ. ಆಮೇಲೆ ತಾನೇ ಸರಿಹೋಯಿತು. ನಾಲ್ಕು ವರ್ಷ ಆರಾಮ ಇದ್ದೆ. ತೆಗೆಸಿದ ಎರಡನೇ ತಿಂಗಳಿಗೇ ಎರಡನೆಯದು ನಿಂತಿತು. ನಿನ್ನ ರಕ್ತ 8.8 ಅಂತ ಓದಿ ಸ್ವಲ್ಪ ಯೋಚನೆ ಆಯಿತು, ಅದಕ್ಕೇ ಬ್ಲೀಡಿಂಗ್ ವಿಷಯ ಬಿಡಿಸಿ ಬರೆದೆ. ಗೊತ್ತಿದ್ದವರು ಹೇಳಲಿ.

ಕುಂದಗೋಳದ ನರ್ಸಕ್ಕ (ನಿವೃತ್ತ)

ತಂಗಿ, ನಾನು 1988ರಲ್ಲಿ ಕೆಲಸಕ್ಕೆ ಸೇರಿದವಳು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲೇ ನನ್ನ ಸರ್ವಿಸ್ ಮುಗಿಯಿತು. ನಿನ್ನ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ಅವಸರದ ಮಾತು. ಎದೆಹಾಲು ಕುಡಿಸುವಾಗ ಬಸುರಾಗುವುದಿಲ್ಲ ಅಂತ ನಂಬಿಕೊಂಡಿದ್ದರೆ, ಆ ನಂಬಿಕೆ ಹತ್ತು ದಿನದ ಹಿಂದೆ ಮುಗಿಯಿತು. ಅದು ನಿಜವಾಗಲು ಮೂರು ಮಾತು ಒಟ್ಟಿಗೆ ಇರಬೇಕು. ಕೂಸಿಗೆ ಆರು ತಿಂಗಳು ತುಂಬಿರಬಾರದು. ಹಗಲು ರಾತ್ರಿ ಬರೀ ಎದೆಹಾಲೇ ಆಗಬೇಕು, ನೀರು ಕೂಡ ಬೇಡ. ಮುಟ್ಟು ಮತ್ತೆ ಬಂದಿರಬಾರದು. ಮೂರೂ ಇದ್ದರೆ 100ಕ್ಕೆ 98 ಜನರಿಗೆ ಅದು ಕಾಪಾಡುತ್ತದೆ. ಒಂದು ತಪ್ಪಿದರೂ ಲೆಕ್ಕ ತಪ್ಪಿತು. ನಿನ್ನದು ರಾತ್ರಿ ಡಬ್ಬಿ ಹಾಲಿನಿಂದ ತಪ್ಪಿದೆ. ಇನ್ನೊಂದು ತಿಳಿದುಕೋ: ಮುಟ್ಟು ಬರುವುದಕ್ಕೆ ಎರಡು ವಾರ ಮೊದಲೇ ಅಂಡ ಬಿಡುಗಡೆ ಆಗುತ್ತದೆ. ಹಾಗಾಗಿ ಬಾಣಂತಿ ಒಂದು ಸಲವೂ ಮುಟ್ಟಾಗದೆ ಮತ್ತೆ ಬಸುರಾಗಬಹುದು. ಇಂಥವರನ್ನು ನಾನು ಎಷ್ಟು ನೋಡಿದ್ದೇನೋ. "ಮುಟ್ಟ ಆಗಿಲ್ಲಲ್ರಿ, ಹೆಂಗ ಬಸರಾಯ್ತು?" ಅಂತ ಕಣ್ಣೀರು ಹಾಕುತ್ತಾ ಬರುತ್ತಿದ್ದರು.

ಆದ್ದರಿಂದ ನಾಳೆಯೇ ನಿಮ್ಮ ಓಣಿಯ ಆಶಾ ಹತ್ತಿರ ಮೂತ್ರ ಪರೀಕ್ಷೆ ಕಿಟ್ ಕೇಳು. ನಿಶ್ಚಯ್ ಅಂತ ಅದರ ಹೆಸರು, ದುಡ್ಡಿಲ್ಲ. ಅಲ್ಲಿಯವರೆಗೆ ನಿರೋಧ್ ಬಳಸಿ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನಗೆ 24, ಎದೆಹಾಲು ಕುಡಿಸುತ್ತಿದ್ದೀಯ, ರಕ್ತ ಕಡಿಮೆ, ಮೂರು ವರ್ಷ ಬಿಟ್ಟು ಇನ್ನೊಂದು ಬೇಕು. ಈ ನಾಲ್ಕು ಮಾತು ಇಟ್ಟುಕೊಂಡು ನೋಡೋಣ.

ಮಾಲಾ-ಎನ್ ಥರದ ದಿನಾ ತಗೊಳ್ಳುವ ಗುಳಿಗೆ ನಿನಗೆ ಈಗ ಬೇಡ. ಹಾಲು ಕುಡಿಸುವ ತಾಯಂದಿರಿಗೆ ಆರು ತಿಂಗಳವರೆಗೆ ಅದನ್ನು ಕೊಡುವುದಿಲ್ಲ, ಹಾಲು ಕಡಿಮೆ ಆಗಬಹುದು ಅಂತ. ಆಮೇಲೆ ಬೇಕಾದರೂ ಬಿ.ಪಿ. ನೋಡಿಸದೆ ಶುರು ಮಾಡಬಾರದು. ಕಣ್ಣು ಮಂಜಾಗಿ ಬರುವ ಅರೆತಲೆನೋವು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು, ಇಂಥದ್ದು ಇದ್ದವರಿಗೆ ಅದು ಆಗುವುದಿಲ್ಲ.

ಛಾಯಾ ಅಂತ ಒಂದು ಗುಳಿಗೆ ಇದೆ. ನಮ್ಮದೇ ದೇಶದ ಔಷಧ, ಲಖನೌದ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು. ಮೊದಲು ಸಹೇಲಿ ಅಂತ 1991ರಲ್ಲಿ ಬಂತು, ಈಗ ಸರ್ಕಾರಿ ದವಾಖಾನೆಯಲ್ಲಿ ಛಾಯಾ ಅಂತ ಬಿಟ್ಟಿಯಾಗಿ ಸಿಗುತ್ತದೆ. ಇದರಲ್ಲಿ ಹಾರ್ಮೋನ್ ಇಲ್ಲ. ಹಾಲು ಕುಡಿಸುವವರೂ ತಗೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಭಾನುವಾರ ಶುರು ಮಾಡಿದರೆ ಎರಡನೆಯದು ಬುಧವಾರ. ಮೂರು ತಿಂಗಳಾದ ಮೇಲೆ ಬರೀ ಭಾನುವಾರ. ಕೆಲವರಿಗೆ ಮುಟ್ಟು ಮುಂದೆ ಹೋಗುತ್ತದೆ, ಹೋಗುವುದೂ ಕಡಿಮೆ ಆಗುತ್ತದೆ. ರಕ್ತ ಕಡಿಮೆ ಇರುವವರಿಗೆ ಅದು ಒಳ್ಳೆಯದೇ. ಆದರೆ ಹದಿನೈದು ದಿನಕ್ಕಿಂತ ಜಾಸ್ತಿ ಮುಂದೆ ಹೋದರೆ ಪರೀಕ್ಷೆ ಮಾಡಿಸಬೇಕು. ಪಿ.ಸಿ.ಓ.ಡಿ. (ಅಂಡಾಶಯದಲ್ಲಿ ನೀರುಗುಳ್ಳೆ) ಇದ್ದವರಿಗೆ, ಈಚೆಗೆ ಕಾಮಾಲೆ ಆದವರಿಗೆ, ಕಿಡ್ನಿ ತೊಂದರೆ, ಟಿ.ಬಿ. ಇದ್ದವರಿಗೆ ಛಾಯಾ ಕೊಡುವುದಿಲ್ಲ. ನಿನಗೆ ಇವು ಏನಾದರೂ ಇದ್ದರೆ ಮುಚ್ಚಿಡದೆ ಹೇಳು.

ಅಂತರಾ ಅಂದರೆ ಮೂರು ತಿಂಗಳಿಗೊಂದು ಸೂಜಿ. ಹೆರಿಗೆಯಾಗಿ ಆರು ವಾರದ ಮೇಲೆ, ಹಾಲು ಕುಡಿಸುವವರಿಗೂ ಕೊಡುತ್ತಾರೆ. ಸೂಜಿ ಹಾಕಿದ ಜಾಗ ತಿಕ್ಕಬಾರದು, ಬಿಸಿನೀರಿನ ಕಾವು ಕೊಡಬಾರದು, ಔಷಧ ಬೇಗ ಕರಗಿಬಿಡುತ್ತದೆ. ನಮ್ಮ ಕಡೆ ಸೂಜಿ ಮಾಡಿಸಿಕೊಂಡು ಮನೆಗೆ ಹೋದ ಕೂಡಲೇ ಅರಿವೆ ಬಿಸಿ ಮಾಡಿ ಶಾಖ ಕೊಡುತ್ತಾರಲ್ಲ, ಅದು ಬೇಡ.

ಗದಗಿನ ತಂಗಿ ವಂಕಿ ಬಗ್ಗೆ ಬರೆದದ್ದು ಎಲ್ಲಾ ಖರೆ. ವಂಕಿಯಲ್ಲಿ ಎರಡು ಥರ, 380ಎ ಅನ್ನುವುದು 10 ವರ್ಷ, 375 ಅನ್ನುವುದು 5 ವರ್ಷ ಕೆಲಸ ಮಾಡುತ್ತದೆ. ಯಾವಾಗ ಬೇಕಾದರೂ ತೆಗೆಸಬಹುದು, ಪೂರ್ತಿ ಹತ್ತು ವರ್ಷ ಇರಲೇಬೇಕು ಅಂತಿಲ್ಲ. ರಕ್ತ ಕಡಿಮೆ ಇದ್ದವರಿಗೆ ಹಾಕಲೇಬಾರದು ಅಂತೇನೂ ಇಲ್ಲ. ಆದರೆ ಮೊದಲ ತಿಂಗಳುಗಳಲ್ಲಿ ಮುಟ್ಟು ಜಾಸ್ತಿ ಹೋಗುವುದರಿಂದ ನಾನಾದರೆ ನಿನ್ನ ರಕ್ತ ಇನ್ನೊಂದು ಸಲ ಪರೀಕ್ಷೆ ಮಾಡಿಸಿ, ಕಬ್ಬಿಣದ ಗುಳಿಗೆ ಶುರು ಮಾಡಿ, ಆಮೇಲೆ ನಿನ್ನ ಜೊತೆ ಕೂತು ಮಾತಾಡುತ್ತಿದ್ದೆ.

ಆಪರೇಷನ್ ಬಗ್ಗೆ ಬೇರೆ ಬರೆಯುತ್ತೇನೆ. ಅದು ಬರೆಯಲು ನನಗೆ ಸ್ವಲ್ಪ ಸಮಯ ಬೇಕು.

ನರಗುಂದದಿಂದ

ಅಂತರಾ ಬಗ್ಗೆ ನರ್ಸಕ್ಕ ಅರ್ಧ ಹೇಳಿದರು. ನನಗೆ ಐದು ತಿಂಗಳು ದಿನ ಬಿಟ್ಟು ದಿನ ಕಲೆ ಕಲೆ ಆಗುತ್ತಿತ್ತು. ದೇವರ ಮನೆಗೆ ಹೋಗಬೇಕೋ ಬೇಡವೋ ಅಂತ ದಿನಾ ಗೋಳು. ಆಮೇಲೆ ಮುಟ್ಟೇ ನಿಂತಿತು. ಮನೆಯಲ್ಲಿ ಎಲ್ಲರೂ "ಕೆಟ್ಟ ರಕ್ತ ಒಳಗ ನಿಂತತಿ" ಅಂತ ಹೆದರಿಸಿದರು. ಬಿಟ್ಟ ಮೇಲೆ ಮಗು ಬೇಕು ಅಂದಾಗ ಒಂಬತ್ತು ತಿಂಗಳು ನಿಲ್ಲಲಿಲ್ಲ. ಒಬ್ಬರಾದರೂ ಮೊದಲೇ ಹೇಳಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ.

ಕುಂದಗೋಳದ ನರ್ಸಕ್ಕ (ನಿವೃತ್ತ)

ನೀನು ಹೇಳಿದ್ದು ಸರಿ ತಂಗಿ, ನಾನು ಬಿಟ್ಟಿದ್ದು ತಪ್ಪು. ಅಂತರಾದಲ್ಲಿ ಮೊದಮೊದಲು ಕಲೆ ಆಗುವುದು, ಆಮೇಲೆ ಮುಟ್ಟು ನಿಲ್ಲುವುದು, ಎರಡೂ ಬಹಳ ಜನಕ್ಕೆ ಆಗುತ್ತದೆ. ಒಳಗೆ ರಕ್ತ ನಿಲ್ಲುವುದಿಲ್ಲ. ಗರ್ಭಕೋಶದ ಒಳಪದರ ತೆಳ್ಳಗೇ ಉಳಿಯುವುದರಿಂದ ಹೊರಗೆ ಹೋಗಲು ಏನೂ ಇರುವುದಿಲ್ಲ, ಅಷ್ಟೇ. ಕೊನೆಯ ಸೂಜಿ ಆದ ಮೇಲೆ ಮತ್ತೆ ಬಸುರು ನಿಲ್ಲಲು 7ರಿಂದ 10 ತಿಂಗಳು ಹಿಡಿಯುತ್ತದೆ. ಬೇಗ ಮಗು ಬೇಕು ಅನ್ನುವವರಿಗೆ ಇದನ್ನು ಸೂಜಿ ಹಾಕುವ ಮೊದಲೇ ಹೇಳಬೇಕು. ನಿನಗೆ ಹೇಳದೆ ಇದ್ದದ್ದು ನಮ್ಮಂಥವರ ತಪ್ಪು.

ರೋಣದ ಟೀಚರ್

ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ. ನಾನು ದಿನಾ ಗುಳಿಗೆ ತಗೊಳ್ಳುತ್ತಿದ್ದವಳು. ಒಂದು ದಿನವೂ ತಪ್ಪಿಸಿಲ್ಲ, ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟಿರುತ್ತಿದ್ದೆ. ನಡುವೆ ಟಿ.ಬಿ. ಆಯಿತು, ಅದಕ್ಕೂ ಗುಳಿಗೆ ಶುರುವಾಯಿತು. ಮೂರನೇ ತಿಂಗಳಿಗೆ ಬಸುರಾದೆ. ಟಿ.ಬಿ. ಔಷಧದಲ್ಲಿ ಇರುವ ರಿಫಾಂಪಿಸಿನ್ ಈ ಗುಳಿಗೆಯ ಬಲವನ್ನು ಕಡಿಮೆ ಮಾಡುತ್ತದಂತೆ. ಔಷಧ ಕೊಟ್ಟವರು ಬೇರೆ ಏನು ತಗೊಳ್ಳುತ್ತೀರಿ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾಲ್ಕು ಜನ ಗಂಡಸರು ಸಾಲಿನಲ್ಲಿ ನಿಂತಿರುವಾಗ ಹೇಗೆ ಹೇಳುವುದು? ಮೂರ್ಛೆರೋಗದ ಕೆಲವು ಗುಳಿಗೆಗಳೂ ಹೀಗೇ ಮಾಡುತ್ತವೆ, ಫೆನಿಟೋಯಿನ್, ಕಾರ್ಬಮಜೆಪಿನ್ ಅಂಥವು. ಮನೆಯಲ್ಲಿ ಯಾರಾದರೂ ತಗೊಳ್ಳುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಆಗ ನನಗೆ ಗರ್ಭ ತೆಗೆಸಬೇಕಾಯಿತು. ಆ ಬಗ್ಗೆಯೂ ಒಂದು ಮಾತು. ಗಂಡನ ಸಹಿ ಬೇಕು ಅಂತ ಒಂದು ಕಡೆ ಎರಡು ಸಲ ವಾಪಸ್ ಕಳಿಸಿದರು. ನಮ್ಮವರು ಕೆಲಸಕ್ಕೆ ಗೋವಾದಲ್ಲಿದ್ದರು. ಕಾನೂನಿನಲ್ಲಿ ಹಾಗೆ ಇಲ್ಲ. 18 ತುಂಬಿದ ಹೆಣ್ಣುಮಗಳ ಸ್ವಂತ ಒಪ್ಪಿಗೆ ಸಾಕು. 1971ರ ಕಾಯ್ದೆ ಅದು, 2021ರಲ್ಲಿ ತಿದ್ದುಪಡಿ ಆಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಬಳಸಿದ ವಿಧಾನ ಕೈಕೊಟ್ಟಿತು ಅನ್ನುವುದೂ ಒಪ್ಪುವ ಕಾರಣವೇ. ಮೂರನೇ ಕಡೆಯ ಡಾಕ್ಟರು ಇದನ್ನೆಲ್ಲ ಹೇಳಿ, ನನ್ನ ಕೈ ಹಿಡಿದು ಕೂರಿಸಿ, ನೀರು ಕೊಟ್ಟರು. ಆ ನೀರಿನ ಲೋಟ ನನಗೆ ಇನ್ನೂ ನೆನಪಿದೆ.

ಬ್ಯಾಡಗಿ ಅಣ್ಣ

ಇಲ್ಲಿ ಎಲ್ಲಾ ಅಕ್ಕತಂಗಿಯರೇ ಬರೆಯುತ್ತಿದ್ದೀರಿ. ನಾನು ಬರೆಯಬಹುದಲ್ಲ?

ನನಗೆ 38. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಚೀಲ ಹೊರುವ ಕೆಲಸ. ಇಬ್ಬರು ಹೆಣ್ಣುಮಕ್ಕಳು. ಎರಡೂ ಸಿಸೇರಿಯನ್. ಎರಡನೆಯದಾದಾಗ ಹೆಂಡತಿ ಮೂರು ತಿಂಗಳು ಸೊಂಟ ಹಿಡಿದುಕೊಂಡೇ ಓಡಾಡಿದಳು. ಆಮೇಲೆ ನಮ್ಮವ್ವ "ಆಕಿಗೆ ಆಪರೇಷನ್ ಮಾಡಿಸು" ಅಂದಾಗ ನನಗೆ ಅನಿಸಿತು, ಈಕೆಯ ಹೊಟ್ಟೆ ಎರಡು ಸಲ ಕೊಯ್ದಿದ್ದಾರೆ, ಮೂರನೇ ಸಲವೂ ಈಕೆಯೇ ಯಾಕೆ? ನನಗೆ ಒಂದು ಸಲವೂ ಏನೂ ಆಗಿಲ್ಲವಲ್ಲ.

ಆಶಾ ಅಕ್ಕಾರ ಜೊತೆ ಸರ್ಕಾರಿ ದವಾಖಾನೆಗೆ ಹೋದೆ. ಮರಗಟ್ಟುವ ಸೂಜಿ ಹಾಕಿದರು, ಅದಷ್ಟೇ ಚುರುಕ್ ಅಂದದ್ದು. ಬ್ಲೇಡ್ ಹಾಕಲಿಲ್ಲ, ಹೊಲಿಗೆ ಇಲ್ಲ, ಸಣ್ಣ ತೂತು ಅಷ್ಟೇ. ಇಪ್ಪತ್ತು ನಿಮಿಷದಲ್ಲಿ ಆಯಿತು. ಅರ್ಧ ತಾಸು ಕೂರಿಸಿ ಮನೆಗೆ ಕಳಿಸಿದರು. ಬಿಗಿ ಒಳಚಡ್ಡಿ ಹಾಕಿಕೊಳ್ಳಿ, ಎರಡು ದಿನ ಆರಾಮ ಮಾಡಿ, ಒಂದು ವಾರ ಭಾರ ಎತ್ತಬೇಡಿ, ಸೈಕಲ್ ತುಳಿಯಬೇಡಿ ಅಂದರು. ಒಂದು ವಾರ ನಾನು ಚೀಲ ಲೆಕ್ಕ ಬರೆಯುವ ಕಡೆ ಕೂತೆ. ಎಂಟನೇ ದಿನಕ್ಕೆ ಚೀಲ ಹೊತ್ತೆ.

ಒಂದು ಮಾತು ಎಲ್ಲಾ ಗಂಡಸರೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಅವತ್ತಿನಿಂದಲೇ ಕೆಲಸ ಮಾಡುವುದಿಲ್ಲ ಇದು. ನಳಿಗೆಯಲ್ಲಿ ಮೊದಲೇ ಉಳಿದದ್ದು ಇರುತ್ತದೆ. ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಅಂತ ಬರೆದು ಕೊಟ್ಟ ಮೇಲೇ ಬಿಡಬೇಕು. ನಮ್ಮ ಕಡೆ ಒಬ್ಬ ಇದನ್ನು ಮಾಡದೆ, ಎರಡನೇ ತಿಂಗಳಿಗೆ ಹೆಂಡತಿ ಬಸುರಾದಾಗ ಆಕೆ ಮೇಲೆ ಅನುಮಾನ ಪಟ್ಟ. ಪಾಪ, ಆಕೆಯದು ಏನು ತಪ್ಪು?

ಮಾರ್ಕೆಟ್‌ನಲ್ಲಿ ಗೊತ್ತಾದ ಮೇಲೆ "ಗಂಡಸ್ತನ ಹೋತಲ್ಲೋ" ಅಂದವರಿದ್ದಾರೆ. ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಕಟ್ಟುವುದು ವೀರ್ಯಾಣು ಹೋಗುವ ಸಣ್ಣ ನಳಿಗೆ ಮಾತ್ರ. ಗಂಡಸಿನ ಹಾರ್ಮೋನ್ ರಕ್ತದಲ್ಲಿ ಹೋಗುತ್ತದೆ, ಅದಕ್ಕೂ ನಳಿಗೆಗೂ ಸಂಬಂಧ ಇಲ್ಲ. ಶಕ್ತಿ ಅದೇ, ಆಸೆ ಅದೇ. ನಾಲ್ಕು ವರ್ಷ ಆಯಿತು, ಅದೇ ಚೀಲ ಹೊರುತ್ತಿದ್ದೇನೆ.

ತಂಗಿ, ನಿಮಗೆ ಇನ್ನೊಂದು ಮಗು ಬೇಕು, ಹಾಗಾಗಿ ಇದು ಈಗ ನಿಮಗಲ್ಲ. ಆದರೆ ನಿಮ್ಮ ಮನೆಯವರಿಗೆ ಇದನ್ನು ಓದಿಸಿ. "ನಿನಗ ಹೆಂಗ ಅನಸ್ತದ ಹಂಗ" ಅನ್ನುವುದು ಬಿಟ್ಟು ನಿಮ್ಮ ಜೊತೆ ದವಾಖಾನೆಗೆ ಬರಲಿ.

ಧಾರವಾಡ ಪಿ.ಜಿ.ಯಿಂದ

ಕೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನಗೆ 26, ಕೆಲಸದಲ್ಲಿದ್ದೇನೆ, ಮದುವೆ ಆಗಿಲ್ಲ. 72 ಗಂಟೆಯ ಗುಳಿಗೆ ಎರಡು ತಿಂಗಳಲ್ಲಿ ನಾಲ್ಕು ಸಲ ತಗೊಂಡಿದ್ದೇನೆ. ಮುಟ್ಟು ಪೂರ್ತಿ ಏರುಪೇರಾಗಿದೆ. ಮುಂದೆ ಮಕ್ಕಳಾಗುವುದಿಲ್ಲವೇ?

ಕುಂದಗೋಳದ ನರ್ಸಕ್ಕ (ನಿವೃತ್ತ)

ಕೇಳಿದ್ದು ಒಳ್ಳೆಯದಾಯಿತು ಮಗಳೇ. ಮುಂದೆ ಮಕ್ಕಳಾಗದ ಹಾಗೆ ಅದು ಮಾಡುವುದಿಲ್ಲ, ಹೆದರಬೇಡ. ಮುಟ್ಟು ಹಿಂದೆಮುಂದೆ ಆಗುವುದು ಅದರಿಂದಲೇ. ಆದರೆ ಅದು ಹೆಸರೇ ಹೇಳುವ ಹಾಗೆ ತುರ್ತಿಗೆ ಮಾತ್ರ. ದಿನಾ ಬಳಸುವ ವಿಧಾನಗಳಿಗಿಂತ ಅದರ ಭರವಸೆ ಕಡಿಮೆ. ಸಂಪರ್ಕ ಆದ ಮೇಲೆ ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು, 72 ಗಂಟೆ ಅನ್ನುವುದು ಕೊನೆಯ ಗಡುವು. ಆಗಲೇ ನಿಂತಿರುವ ಬಸುರನ್ನು ಅದು ತೆಗೆಯುವುದಿಲ್ಲ. ಈಗ ಮುಟ್ಟು ತಡವಾಗಿದ್ದರೆ ಮೊದಲು ಪರೀಕ್ಷೆ ಮಾಡಿಕೋ.

ನಿನಗೆ ಬೇಕಾದದ್ದು ನಿತ್ಯದ ಒಂದು ವಿಧಾನ. ನಿರೋಧ್ ಅಂತೂ ಇರಲೇಬೇಕು, ಲೈಂಗಿಕ ಸೋಂಕುಗಳಿಂದ, ಎಚ್.ಐ.ವಿ.ಯಿಂದ ಕಾಪಾಡುವುದು ಅದೊಂದೇ. ಆದರೆ ಬಸುರಿನ ಲೆಕ್ಕದಲ್ಲಿ ಅದು ಬಳಸುವವರ ಕೈಯಲ್ಲಿದೆ. ಪ್ರತಿ ಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ 100ರಲ್ಲಿ 2 ಜನಕ್ಕೆ ಬಸುರು ನಿಲ್ಲಬಹುದು. ಜನ ಸಾಮಾನ್ಯವಾಗಿ ಬಳಸುವ ಹಾಗೆ ಬಳಸಿದರೆ ಸುಮಾರು 13 ಜನಕ್ಕೆ. ವಂಕಿಯಲ್ಲಿ ಅದು ಒಂದಕ್ಕಿಂತ ಕಡಿಮೆ. ಅದಕ್ಕೇ ಜೊತೆಗೆ ಇನ್ನೊಂದು ಇರಲಿ ಅನ್ನುವುದು. ಮದುವೆ ಆಗಿದೆಯಾ ಅಂತ ಯಾರಾದರೂ ಮುಖ ಸಿಂಡರಿಸಿದರೆ ಬೇರೆ ಡಾಕ್ಟರ ಹತ್ತಿರ ಹೋಗು. ಧಾರವಾಡದಲ್ಲಿ ಫ್ಯಾಮಿಲಿ ಪ್ಲಾನಿಂಗ್ ಅಸೋಸಿಯೇಷನ್‌ನ ಶಾಖೆಯೂ ಇದೆ.

ಧಾರವಾಡದ ನಿವೃತ್ತ ಮೇಷ್ಟ್ರು

ಆ ಸಂಸ್ಥೆಯ ಹೆಸರು ಬಂದಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 1949ರಲ್ಲಿ ಅದನ್ನು ಕಟ್ಟಿದವರು ಧನವಂತಿ ರಾಮರಾವ್. ಅವರು ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ, 1893ರಲ್ಲಿ. ಸರ್ಕಾರ 1952ರಲ್ಲಿ ದೇಶದ ಕುಟುಂಬ ಯೋಜನೆ ಶುರು ಮಾಡುವ ಮೊದಲೇ ಈ ಹೆಣ್ಣುಮಗಳು ಬಾಂಬೆಯಲ್ಲಿ ಈ ಕೆಲಸಕ್ಕೆ ನಿಂತಿದ್ದರು. ಆಗಿನ ಕಾಲಕ್ಕೆ ಈ ಮಾತನ್ನು ಬಾಯಿಬಿಟ್ಟು ಆಡುವುದು ಎಷ್ಟು ಕಷ್ಟ ಇದ್ದೀತು ಯೋಚಿಸಿ. ಹುಬ್ಬಳ್ಳಿಯ ತಂಗಿ ಇವತ್ತು ಕೇಳುತ್ತಿರುವ ಪ್ರಶ್ನೆ ಅವರಿಗೆ ಖಂಡಿತ ಹಿಡಿಸುತ್ತಿತ್ತು.

ಹಾನಗಲ್ ಅಜ್ಜಿ (ಮೊಮ್ಮಗಳು ಬರೆಯುತ್ತಿದ್ದಾಳೆ)

ನಮ್ಮಜ್ಜಿಗೆ ಇದನ್ನೆಲ್ಲ ಓದಿ ಹೇಳಿದೆ. "ನಂದೂ ಬರಿ" ಅಂದರು. ಅವರು ಹೇಳಿದ ಹಾಗೇ ಬರೆಯುತ್ತೇನೆ.

"ನನಗ ಇಪ್ಪತ್ತೆರಡು ವರ್ಷ. ಎರಡು ಮಕ್ಕಳು, ಒಂದ್ ಗಂಡು ಒಂದ್ ಹೆಣ್ಣು. ಸಾಲ್ಯಾಗ ಕ್ಯಾಂಪ್ ಹಾಕಿದ್ರು. ಹಿಂದಿನ ದಿನ ಬಂದು ಹೇಳಿದ್ರು, ಮರುದಿನ ಎತ್ತಿನ ಬಂಡ್ಯಾಗ ಕರ್ಕೊಂಡ್ ಹೋದ್ರು. ನಾವು ಇಪ್ಪತ್ತು ಮೂವತ್ತು ಹೆಂಗಸರು ಇದ್ವಿ. ಬೆಂಚ್ ಎಲ್ಲಾ ಹೊರಗ ಹಾಕಿ, ಒಳಗ ನೆಲದ ಮ್ಯಾಲ ಜಮಖಾನಿ ಹಾಸಿ ಮಲಗಿಸಿದ್ರು. ನನ್ನ ಕೇಳಲಿಲ್ಲ. ನಮ್ಮ ಮಾವನ್ನ ಕೇಳಿದ್ರು. ಒಂದ್ ಕಾಗದಕ್ಕ ಹೆಬ್ಬಟ್ಟು ಒತ್ತಿಸಿದ್ರು. ಎರಡು ವರ್ಷದ ಮ್ಯಾಲ ಹುಡುಗಗ ವಾಂತಿಭೇದಿ ಆತು. ಮೂರು ದಿನದಾಗ ಹ್ವಾದ. ಆಮ್ಯಾಲ ನಾ ಆ ಡಾಕ್ಟರ್ ಹಂತ್ಯಾಕ ಹೋಗಿ ಬಿಚ್ಚಿ ಕೊಡ್ರಿ ಅಂದೆ. ಆಗೂದಿಲ್ಲವಾ ಅಂದ್ರು. ಬಿಚ್ಚಾಕ ಬರೂದಿಲ್ಲ ಅಂತ ಮೊದಲ ಯಾರೂ ಹೇಳಿದ್ದಿಲ್ಲ."

ಇಷ್ಟು ಹೇಳಿ ಅಜ್ಜಿ ಸುಮ್ಮನಾದರು. ನನ್ನ ತಾಯಿ ಆ ಉಳಿದ ಹೆಣ್ಣುಮಗು.

ಕುಂದಗೋಳದ ನರ್ಸಕ್ಕ (ನಿವೃತ್ತ)

ಅಮ್ಮಾ, ನಿಮ್ಮ ಮಾತು ಓದಿ ನಾನು ಬಹಳ ಹೊತ್ತು ಏನೂ ಬರೆಯಲಿಲ್ಲ. ನಾನೂ ಅಂಥ ಕ್ಯಾಂಪಿಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದವಳು. ಆಗ ನಮಗೆ ತಿಂಗಳಿಗೆ ಇಷ್ಟು ಕೇಸ್ ಅಂತ ಗುರಿ ಇರುತ್ತಿತ್ತು. ಮುಟ್ಟದಿದ್ದರೆ ಮೀಟಿಂಗ್‌ನಲ್ಲಿ ನಿಲ್ಲಿಸಿ ಕೇಳುತ್ತಿದ್ದರು. 1996ರಲ್ಲಿ ಆ ಗುರಿ ತೆಗೆದುಹಾಕಿದರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಿ ಅಂತ ಹೇಳಿತು. ಆದರೆ ನನ್ನ ಕಾಲದಲ್ಲಿ ಬಂಡಿ ಹತ್ತಿದವರಲ್ಲಿ ಎಷ್ಟು ಜನರಿಗೆ ನಾನು ಪೂರ್ತಿ ಹೇಳಿದ್ದೆ? ಎಲ್ಲರಿಗೂ ಹೇಳಿರಲಿಲ್ಲ. ಅದಕ್ಕೇ ಈಗ ಹೇಳುತ್ತೇನೆ.

ಹುಬ್ಬಳ್ಳಿ ತಂಗಿ, ಆಪರೇಷನ್ ಒಳ್ಳೆಯ ವಿಧಾನ. ಕೆಟ್ಟದ್ದು ಅಂತ ನಾನು ಎಂದೂ ಹೇಳುವುದಿಲ್ಲ. ಇನ್ನು ಮಕ್ಕಳು ಸಾಕು ಅಂತ ತನ್ನಷ್ಟಕ್ಕೆ ತಾನು ತೀರ್ಮಾನ ಮಾಡಿದವಳಿಗೆ ಅದು ನೆಮ್ಮದಿ. ಆದರೆ ಅದು ಕಾಯಂ ಅಂತ ತಿಳಿದೇ ಮಾಡಿಸಬೇಕು. ಮತ್ತೆ ಜೋಡಿಸುವ ಆಪರೇಷನ್ ಇದೆ, ಆದರೆ ಜೋಡಿಸಿದ ಮೇಲೂ ಮಗು ಆಗುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಸರ್ಕಾರದ ನಿಯಮದಲ್ಲಿ ಹೆಣ್ಣುಮಗಳಿಗೆ 22 ತುಂಬಿರಬೇಕು, ಒಂದು ಮಗುವಾದರೂ ವರ್ಷ ದಾಟಿರಬೇಕು. ನಿನ್ನ ಸಹಿ ಇದ್ದರೆ ಆಯಿತು, ಗಂಡನ ಸಹಿ ಬೇಕಿಲ್ಲ. ನಿನ್ನ ಬದಲು ಅತ್ತೆಯೋ ಮಾವನೋ ಸಹಿ ಮಾಡುವಂತೆಯೂ ಇಲ್ಲ.

ಬಹಳ ಜನ ಇದನ್ನೂ ಗರ್ಭಕೋಶ ತೆಗೆಯುವ ಆಪರೇಷನ್ನನ್ನೂ ಒಂದೇ ಅಂದುಕೊಳ್ಳುತ್ತಾರೆ. ಬೇರೆ ಬೇರೆ. ಇದರಲ್ಲಿ ನಳಿಗೆ ಮಾತ್ರ ಕಟ್ಟುತ್ತಾರೆ, ಗರ್ಭಕೋಶ ಅಲ್ಲೇ ಇರುತ್ತದೆ, ಮುಟ್ಟು ಬರುತ್ತಲೇ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಮುಟ್ಟಿನ ತೊಂದರೆ ಅಂತ ಬಂದ ಮೂವತ್ತು ವರ್ಷದವರಿಗೆ ಗರ್ಭಕೋಶವನ್ನೇ ತೆಗೆಸಿದ್ದನ್ನು ನೋಡಿ ನಾನು ಬಹಳ ನೊಂದಿದ್ದೇನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಮದುವೆಯಾದ ಹೆಣ್ಣುಮಕ್ಕಳಲ್ಲಿ 100ಕ್ಕೆ 57 ಜನ ಆಪರೇಷನ್ ಆದವರು. ಗಂಡಸರ ಆಪರೇಷನ್ ಇಡೀ ದೇಶದಲ್ಲೇ 100ಕ್ಕೆ 0.3. ಬ್ಯಾಡಗಿ ತಮ್ಮಾ, ನೀನು ಎಂಥ ಕೆಲಸ ಮಾಡಿದ್ದೀ ಅಂತ ಈ ಲೆಕ್ಕ ನೋಡಿದರೆ ತಿಳಿಯುತ್ತದೆ.

ಹುಬ್ಬಳ್ಳಿ ಸೊಸೆ

ಹನ್ನೆರಡು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೂತ್ರ ಪರೀಕ್ಷೆ ಮಾಡಿದೆ. ಒಂದೇ ಗೆರೆ. ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ, ಸಮಾಧಾನಕ್ಕೆ.

ಬ್ಯಾಡಗಿ ಅಣ್ಣ ಬರೆದದ್ದನ್ನು ನಮ್ಮವರಿಗೆ ಓದಿಸಿದೆ. ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗದೆ "ನಡಿ, ದವಾಖಾನಿಗೆ ಹೋಗೂಣು" ಅಂದರು. ನಗರ ಆರೋಗ್ಯ ಕೇಂದ್ರದಲ್ಲಿ ಇಬ್ಬರೂ ಒಟ್ಟಿಗೆ ಕೂತೆವು. ರಕ್ತ 9.6ಕ್ಕೆ ಬಂದಿದೆ. ಪಿ.ಸಿ.ಓ.ಡಿ. ಇಲ್ಲ, ಕಾಮಾಲೆ ಆಗಿಲ್ಲ. ಛಾಯಾ ಶುರು ಮಾಡೋಣ, ರಕ್ತ 11 ದಾಟಿದ ಮೇಲೆ ಬೇಕಾದರೆ ವಂಕಿ ಬಗ್ಗೆ ಯೋಚಿಸೋಣ ಅಂದರು ಡಾಕ್ಟರಮ್ಮ. ನನಗೂ ಅದೇ ಮನಸ್ಸಿನಲ್ಲಿತ್ತು. ಒಂದು ದಿನ ಮರೆತರೆ ಏನು ಮಾಡಬೇಕು ಅಂತ ಕೇಳಿದವರು ನಮ್ಮವರೇ. ನೆನಪಾದ ಕೂಡಲೇ ತಗೊಳ್ಳಬೇಕಂತೆ, ಮುಂದಿನ ಮುಟ್ಟು ಬರುವವರೆಗೆ ನಿರೋಧ್ ಬಳಸಬೇಕಂತೆ. ಏಳು ದಿನಕ್ಕಿಂತ ಜಾಸ್ತಿ ತಪ್ಪಿದರೆ ಮತ್ತೆ ಮೊದಲಿನಿಂದ ವಾರಕ್ಕೆ ಎರಡು.

ಅತ್ತೆಗೆ ಹೇಗೆ ಹೇಳುವುದು ಅಂತ ಚಿಂತೆ ಇತ್ತು. ಕೊನೆಗೆ ಹಾನಗಲ್ ಅಜ್ಜಿ ಮಾತನ್ನು ಜೋರಾಗಿ ಓದಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. ಹಂಚಿನ ಮೇಲೆ ಇದ್ದ ರೊಟ್ಟಿ ಸೀದಿತು, ತಿರುವಲಿಲ್ಲ. "ನಂದೂ ಸಾಲ್ಯಾಗ ಆಗಿದ್ದು" ಅಂದರು. ಇಷ್ಟು ವರ್ಷದಲ್ಲಿ ತಮ್ಮ ಮಗನಿಗೂ ಅವರು ಅದನ್ನು ಹೇಳಿರಲಿಲ್ಲ.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಭಾನುವಾರ, ಬುಧವಾರಕ್ಕೆ ನಾನು ಪೆನ್ನಿನಲ್ಲಿ ಗುರುತು ಹಾಕಿದ್ದೆ. ಅದರ ಮೇಲೆ ಅತ್ತೆ ಕುಂಕುಮದ ಬೊಟ್ಟು ಇಟ್ಟಿದ್ದಾರೆ. ನಿನ್ನೆ ಸಂಜೆ ನಾನು ಕೂಸನ್ನು ಮಲಗಿಸುತ್ತಿದ್ದಾಗ ಒಳಗಿಂದ ಕೂಗಿದರು: "ಇವತ್ತ ಬುಧವಾರ ಅಲ್ಲನ? ಗುಳಿಗಿ ತಗೊಂಡಿ ಏನವಾ?"

ನರ್ಸಕ್ಕ, ಒಂದು ಕೇಳುವುದು ಉಳಿದಿದೆ. ಕಬ್ಬಿಣದ ಗುಳಿಗೆಯನ್ನೂ ಛಾಯಾವನ್ನೂ ಒಂದೇ ದಿನ ತಗೊಳ್ಳಬಹುದಾ?

ಕುಂದಗೋಳದ ನರ್ಸಕ್ಕ (ನಿವೃತ್ತ)

ತಗೊಳ್ಳಬಹುದು ತಂಗಿ. ಕಬ್ಬಿಣದ್ದನ್ನು ಚಹಾ ಜೊತೆ ಮಾತ್ರ ಬೇಡ, ಲಿಂಬು ನೀರಿನ ಜೊತೆ ತಗೋ. ಎರಡು ತಿಂಗಳು ಬಿಟ್ಟು ಇನ್ನೊಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಎಷ್ಟಾಯಿತು ಅಂತ ಇಲ್ಲೇ ಬರೆ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು.